ಕೂಸಿನ ಹೆಸ್ರೂ ಕೆತ್ತವ್ರಾ ಅಕ್ಕ?

ಭಾನುವಾರ ನೋಟುಬುಕ್ಕು ಗ್ರಂಥಾಲಯಕ್ಕೆ ಕೊಟ್ಟು ಬಂದೆ. ನಾಲ್ಕು ವರ್ಷ ಹಿಡಿಯಿತು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ನನ್ನ ಕಣ್ಣಿಗೆ ದಕ್ಕಿದ ಬರಹಗಳೆಲ್ಲ ಅದರಲ್ಲಿ ಕನ್ನಡಕ್ಕೆ ಬಂದಿವೆ. ನಡುವೆ ನಾನು ಆಸ್ಪತ್ರೆ ಸೇರಿ ಎಂಟು ತಿಂಗಳು ಕೆಲಸ ನಿಂತಿತ್ತು ಅನ್ನೋದು ಇದನ್ನು ಓದುವ ಮುಕ್ಕಾಲು ಜನಕ್ಕೆ ಗೊತ್ತು. ಆ ಪುರಾಣ ಮತ್ತೆ ಬೇಡ.

ಸ್ಮಶಾನ ನೋಡದವರಿಗಾಗಿ ನಾಲ್ಕು ಮಾತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ದಂಡು ಪಟ್ಟಣದಲ್ಲೇ ಬೀಡುಬಿಟ್ಟಿತು. ಅವರು ಹೊಳೆದಂಡೆಯಲ್ಲಿ ಬಿಟ್ಟುಹೋದ ಗೋರಿಗಳು ಸುಮಾರು 300. ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಸೈನಿಕರೂ ಇಲ್ಲಿದ್ದಾರೆ. 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಿದ ಬಾಡಿಗೆ ಪಡೆ ಅದು. 1795ರಲ್ಲಿ ಸಿಲೋನಿನಲ್ಲಿ ಇಂಗ್ಲಿಷರ ಪಾಲಾಗಿ, ಕಡೆಗೆ ಟಿಪ್ಪುವಿನ ಕೋಟೆಗೆ ಏಣಿ ಹಾಕಲು ಬಂತು. ಯಾರ ಜಗಳಕ್ಕೆ ಯಾರು ಬಂದರೋ! ಆದರೆ ಕಾದಾಡಿ ಸತ್ತವರಿಗಿಂತ ಆಮೇಲೆ ಸತ್ತವರೇ ಇಲ್ಲಿ ಹೆಚ್ಚು. ಹೆಂಡಂದಿರು, ಕೂಸುಗಳು. ಶ್ರೀರಂಗಪಟ್ಟಣ ದ್ವೀಪದ ಚಳಿಜ್ವರ ತಾಳಲಾರದೆ 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಬೆಂಗಳೂರಿನವರು ಇವತ್ತಿಗೂ ಕಂಟೋನ್ಮೆಂಟಿಗೆ 'ದಂಡು' ಅನ್ನೋದು ಅದಕ್ಕೇ.

ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ಮಾತ್ರ ಸವೆದ ಅಕ್ಷರ ಎದ್ದು ಕಾಣುತ್ತದೆ. ಹನ್ನೊಂದು ಗಂಟೆ ಮೇಲೆ ಕಲ್ಲು ಬರೀ ಕಲ್ಲು. ಆಗ ಪಕ್ಕದಿಂದ ಕನ್ನಡಿ ಹಿಡಿದು ಬೆಳಕು ಹಾಯಿಸಿದ ನನ್ನ ಹಳೇ ವಿದ್ಯಾರ್ಥಿಗಳಿಗೆ, ಹಾವಿದೆ ಅಂತ ದಿನಾ ಹೆದರಿಸುತ್ತಲೇ ಹುಲ್ಲು ಸವರಿ ಕೊಟ್ಟ ಯಜಮಾನರಿಗೆ, ಡಿಟಿಪಿಗೆ ಕಾಸು ಮುಟ್ಟದ ಹುಡುಗನಿಗೆ, ರಕ್ತ ಕೊಟ್ಟ ಆರೂ ಜನಕ್ಕೆ ನಮಸ್ಕಾರ. ಸುಮಾರು 2007ರ ಹೊತ್ತಿಗೆ ಡಿ ಮ್ಯೂರಾನ್ ವಂಶದವರು ಮುಂದೆ ಬಂದು ಗೋರಿಗಳನ್ನು ದುರಸ್ತಿ ಮಾಡಿಸದಿದ್ದರೆ ನನಗೆ ಓದಲು ಏನೂ ಉಳಿಯುತ್ತಿರಲಿಲ್ಲ, ಅವರಿಗೂ.

ಇನ್ನು ನನ್ನ ವಾರಗಿತ್ತಿ.

"ಸುಡುಗಾಡು ಅಲೀತಾ ಕುಂತೀಯಲ್ಲಕ್ಕ, ಇರೋರ ಮನೆ ಬಾಗ್ಲು ತುಳಿಯಕ್ಕೆ ನಿಂಗೆ ಪುರುಸೊತ್ತಿಲ್ಲ" ಅಂತ ಎಲ್ಲರೆದುರು ಆಡಿದವಳು ಅವಳೇ. ನಾನೂ ಸುಮ್ಮನಿದ್ದವಳಲ್ಲ. ಗದ್ದೆ ಪಾಲಾದಾಗಿಂದ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೆ. ಅಂಥವಳು ಮೈಸೂರಿನ ಆಸ್ಪತ್ರೆಗೆ ರಾಗಿ ಗಂಜಿಯ ಕ್ಯಾರಿಯರ್ ಹಿಡಿದು ಬಂದಳು. ನನ್ನ ಮಗ ಮೂರು ರಾತ್ರಿಯಿಂದ ಮಲಗಿಲ್ಲ ಅಂತ ಅವನನ್ನು ಗದರಿ ಮನೆಗೆ ಅಟ್ಟಿದಳು. ನನ್ನ ಪಾಲಿಗೆ ಅತ್ಯಂತ ಕೆಟ್ಟ ರಾತ್ರಿ ಅದೇ. ನಡುಕ ಹತ್ತಿ ಹಲ್ಲು ಕಟಕಟ ಅನ್ನುತ್ತಿತ್ತು. ಅವಳು ನನ್ನ ಪಾದ ಎರಡನ್ನೂ ತನ್ನ ಸೆರಗಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ನಿದ್ದೆ ಹೋದರೆ ಮತ್ತೆ ಏಳುವುದಿಲ್ಲ ಅನ್ನೋ ಭಯ ನನಗೆ. ಅದು ಅವಳಿಗೆ ಹೇಗೆ ತಿಳಿಯಿತೋ, "ಅದೇನ್ ಓದ್ತಿದ್ದೆ ಕಲ್ ಮೇಲೆ, ಯೋಳು" ಅಂದಳು.

ಹೇಳಿದೆ. ಜ್ವರದ ಸುದ್ದಿ ಬಂದಾಗ "ಆವಾಗ ಸೂಜಿಗೀಜಿ ಇರ್ಲಿಲ್ವಾ?" ಅಂತ ಕೇಳಿದಳು. ಚಳಿಜ್ವರಕ್ಕೆ ಇರಲಿಲ್ಲ, ಸಿಡುಬಿಗೆ ಇತ್ತು ಅಂದೆ. ನಮ್ಮ ಪಟ್ಟಣದ ಗಂಜಾಂನಲ್ಲಿ ಚರ್ಚು ಕಟ್ಟಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1803-04ರಲ್ಲಿ ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ ಕತೆ ಹೇಳಿದೆ. ಕೂಸುಗಳ ಗೋರಿ ಹತ್ತಿರ ಬಂದಾಗ ಅವಳ ಕೈ ನಿಂತಿತು.

"ಕೂಸಿನ ಹೆಸ್ರೂ ಕೆತ್ತವ್ರಾ ಅಕ್ಕ?"

"ಹೂಂ. ಹೆಸರು, ಎಷ್ಟು ತಿಂಗಳು ಅಂತ."

ಬಹಳ ಹೊತ್ತು ಸುಮ್ಮನಿದ್ದಳು. ಅವಳ ಮೊದಲನೇ ಕೂಸು ಹೊಲದ ಬದುವಿನಲ್ಲಿ, ಹೊಂಗೆಮರದ ಬುಡದಲ್ಲಿದೆ. ಒಂದೇ ಮನೆಯ ಸೊಸೆಯರಾಗಿ ಇಪ್ಪತ್ತೆರಡು ವರ್ಷ. ನಾನೇ ಹಿರಿಯಳು, ಒಂದು ದಿನ ಕೇಳಿದವಳಲ್ಲ. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನಿಂದ ಬಂದವರ ಹೆಸರಿನ ಒಂದೊಂದು ಅಕ್ಷರಕ್ಕೂ ಮೊಣಕಾಲೂರಿದವಳು ನಾನು! ಗಂಟಲು ಕಟ್ಟಿತು. "ನಿಂದೂ ಬರೀಲಾ?" ಅಂದೆ.

"ಬ್ಯಾಡ ಬುಡಕ್ಕ. ಹೆಸ್ರಿಡೋ ಶಾಸ್ತ್ರನೇ ಆಗಿರ್ಲಿಲ್ಲ."

ಬೆಳಗಿನ ಜಾವ ಬೆವರೊಡೆಯಿತು. ಅವಳು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದಳು, ನನ್ನ ಕಾಲು ಇನ್ನೂ ಮಡಿಲಲ್ಲೇ ಇತ್ತು.

ಭಾನುವಾರ ಅವಳು ಬರಲಿಲ್ಲ, ಗದ್ದೆಯಲ್ಲಿ ನಾಟಿ. ಸಂಜೆ ಫೋನ್ ಮಾಡಿ "ಮುಗೀತಾ ನಿನ್ ಸುಡುಗಾಡು?" ಅಂದಳು. ಮುಗಿಯಿತು ಅಂದೆ.

"ಹಂಗಾರೆ ನನ್ ಕ್ಯಾರಿಯರ್ ತಂದ್ಕೊಡು. ಆವತ್ನಿಂದ ನಿನ್ನ ಮನೇಲೇ ಐತೆ."