ಪೆಟ್ರೋಲ್ ನೀನೇ ಹಾಕಿಕೊಳ್ಳಬೇಕು, ಮಗಳೇ

ಪ್ರೀತಿಯ ಪುಟ್ಟಿ,

ಬರುವ ವಾರ ಗೆಳತಿಯರ ಜೊತೆ ಇಟಲಿಗೆ ಹೊರಟಿದ್ದೀಯ. ಫ್ಲಾರೆನ್ಸಿನಲ್ಲಿ ಬಾಡಿಗೆ ಕಾರು ತಗೊಂಡು ಟಸ್ಕನಿ ಸುತ್ತುತ್ತೀವಿ ಅಂದೆ. ವೀಸಾ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಹೋಟೆಲ್ ಎಲ್ಲ ನೀನೇ ಅಚ್ಚುಕಟ್ಟಾಗಿ ಮಾಡಿಕೊಂಡಿದ್ದೀಯ. ನಾನು ಹೇಳಬೇಕಿರುವುದು ಪೆಟ್ರೋಲಿನ ವಿಷಯ ಒಂದೇ.

ನಾವು 'ಪೆಟ್ರೋಲ್ ಹಾಕಿಸು' ಅಂತಲೇ ಹೇಳುವುದು, ಅಲ್ವಾ? ಹಾಕುವವರು ಬೇರೆ ಯಾರೋ ಇದ್ದೇ ಇರುತ್ತಾರೆ. ಶಿವಮೊಗ್ಗದಲ್ಲಿ ಇಷ್ಟು ವರ್ಷ ಕಾರು ಓಡಿಸಿದ್ದೀನಿ. ಬಂಕಿನಲ್ಲಿ ಕಿಟಕಿ ಇಳಿಸುವುದು, "ಮೇಡಂ, ಜೀರೋ ನೋಡ್ಕೊಳ್ಳಿ" ಅಂದಾಗ ಮೀಟರ್ ನೋಡುವುದು, ದುಡ್ಡು ಕೊಡುವುದು, ಅಷ್ಟೇ ನನ್ನ ಕೆಲಸ. ಪೈಪನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು 2019ರ ಮೇ ತಿಂಗಳಲ್ಲಿ, ಅಪ್ಪನ ಜೊತೆ ಟಸ್ಕನಿಗೆ ಹೋಗಿದ್ದಾಗ, ಪಿಯೆಂಜಾ ಊರಿನ ಹತ್ತಿರ.

ಅವತ್ತು ಭಾನುವಾರ. ವಾಲ್ ದೋರ್ಚಾ ಕಣಿವೆಯಲ್ಲಿ ಇಡೀ ಬೆಳಗ್ಗೆ ಸುತ್ತಿದ್ದೆವು. ಹಸಿರು ಗುಡ್ಡ, ಸಾಲು ಸೈಪ್ರೆಸ್ ಮರ, ನೋಡಿದಷ್ಟೂ ಸಾಲದು. ಪೆಟ್ರೋಲ್ ಮುಳ್ಳಿನ ಕಡೆ ಇಬ್ಬರೂ ನೋಡಲಿಲ್ಲ. ನೋಡಿದಾಗ ಅದು ಕೆಂಪಿಗೆ ಬಂದಿತ್ತು. ಸಿಕ್ಕಿದ ಬಂಕಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಲ್ಲಿ ಸಣ್ಣ ಊರುಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ, ಭಾನುವಾರಗಳಲ್ಲಿ ಬಂಕಿನವರು ಮನೆಗೆ ಹೋಗಿಬಿಡುತ್ತಾರೆ. ಎಟಿಎಂ ತರಹದ ಒಂದು ಮೆಷಿನ್ ಮಾತ್ರ ನಿಂತಿರುತ್ತದೆ.

ಅಪ್ಪ ಇಪ್ಪತ್ತು ಯೂರೋ ನೋಟು ತೂರಿಸಿ, ಪಂಪಿನ ನಂಬರ್ ಒತ್ತಿದರು. ಪಂಪಿನಲ್ಲಿ ಎರಡು ಪೈಪು. ಒಂದರ ಮೇಲೆ 'ಬೆನ್ಜೀನಾ', ಇನ್ನೊಂದರ ಮೇಲೆ 'ಗಸೋಲಿಯೊ'. ಅಮೆರಿಕದವರು ಪೆಟ್ರೋಲಿಗೆ ಗ್ಯಾಸೊಲಿನ್ ಅನ್ನುತ್ತಾರಲ್ಲ, ಇದೇ ಇರಬೇಕು ಅಂದುಕೊಂಡೆ. ಕಪ್ಪು ಹಿಡಿಯ ಪೈಪು ತೆಗೆದು ಟ್ಯಾಂಕಿನ ಬಾಯಿಗಿಟ್ಟೆ. ಒಳಗೆ ಹೋಗಲೇ ಇಲ್ಲ. ಒತ್ತಿದೆ. ಓರೆ ಮಾಡಿ ಒತ್ತಿದೆ. ಕೈ ನಡುಗುತ್ತಿತ್ತು ಪುಟ್ಟಿ.

ಅಷ್ಟರಲ್ಲಿ ಒಂದು ಆಪೆ ಬಂದು ನಿಂತಿತು. ನಮ್ಮ ಊರಿನಲ್ಲಿ ಸಾಮಾನು ಸಾಗಿಸುವ ಅದೇ ಮೂರು ಚಕ್ರದ ಆಪೆ, ಅದರ ತವರು ಇಟಲಿಯೇ. ಅದರಿಂದ ಒಬ್ಬ ಅಜ್ಜ ಇಳಿದು "ನೋ, ನೋ, ನೋ!" ಅನ್ನುತ್ತಾ ಓಡೋಡಿ ಬಂದರು. ಉಗುರಿನ ಸಂದಿಯಲ್ಲೆಲ್ಲ ತೋಟದ ಮಣ್ಣು. ನನ್ನ ಕೈಯಿಂದ ಪೈಪು ಮೆಲ್ಲಗೆ ಬಿಡಿಸಿ ಸ್ವಸ್ಥಾನಕ್ಕೆ ಸಿಕ್ಕಿಸಿದರು. "ಗಸೋಲಿಯೊ, ಡೀಸೆಲ್!" ಅಂದರು. ಹಸಿರು ಹಿಡಿ ತೋರಿಸಿ "ಬೆನ್ಜೀನಾ. ವೆರ್ದೆ," ಅಂದರು. ವೆರ್ದೆ ಅಂದರೆ ಹಸಿರು. ಟ್ಯಾಂಕಿನ ಮುಚ್ಚಳ ಟಕ್ ಅನ್ನುವವರೆಗೂ ತಿರುಗಿಸಿದ್ದೂ ಅವರೇ. ನನಗೆ ಬರುತ್ತಿದ್ದ ಇಟಾಲಿಯನ್ ಮಾತು 'ಗ್ರಾತ್ಸಿಯೆ' ಒಂದೇ. ಅದನ್ನೇ ಎಷ್ಟು ಸಲ ಹೇಳಿದೆನೋ.

ನಮ್ಮದು ಪೆಟ್ರೋಲ್ ಕಾರು, ಡೀಸೆಲ್ ಪೈಪಿನ ಮೂತಿ ದಪ್ಪ, ಹಾಗಾಗಿ ಬಚಾವಾದೆವು. ನಿನಗೆ ಡೀಸೆಲ್ ಕಾರು ಕೊಟ್ಟರೆ ಪೆಟ್ರೋಲ್ ಪೈಪು ಸಲೀಸಾಗಿ ಒಳಗೆ ಹೋಗುತ್ತದೆ, ಯಾರೂ ತಡೆಯುವುದಿಲ್ಲ. ಹಾಗೇನಾದರೂ ಆದರೆ ಕೀ ಮುಟ್ಟಲೇಬೇಡ. ಸ್ಟಾರ್ಟ್ ಮಾಡಿದರೆ ತಪ್ಪು ಎಣ್ಣೆ ಎಂಜಿನ್ನಿನವರೆಗೂ ಹೋಗುತ್ತದೆ. ಕಾರನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಬಾಡಿಗೆ ಕಂಪನಿಗೆ ಫೋನ್ ಮಾಡು. ಸಾಮಾನ್ಯವಾಗಿ ಇದಕ್ಕೆ ಇನ್ಶೂರೆನ್ಸ್ ಸಿಗುವುದಿಲ್ಲ. ಕೀ ತಗೊಳ್ಳುವಾಗಲೇ "ಬೆನ್ಜೀನಾನಾ, ಡೀಸೆಲ್ಲಾ?" ಅಂತ ಬಾಯಿಬಿಟ್ಟು ಕೇಳು. 2018ರಿಂದ ಯುರೋಪಿನ ಪಂಪುಗಳಲ್ಲೂ ಹೊಸ ಕಾರುಗಳ ಟ್ಯಾಂಕಿನ ಬಾಗಿಲ ಒಳಗೂ ಒಂದೇ ಗುರುತು ಇರುತ್ತದೆ. ಪೆಟ್ರೋಲಿಗೆ ದುಂಡು ಚಿತ್ರದೊಳಗೆ ಇ5 ಅಥವಾ ಇ10, ಡೀಸೆಲ್‌ಗೆ ಚೌಕದೊಳಗೆ ಬಿ7. ಭಾಷೆ ಬರದಿದ್ದರೂ ದುಂಡಿಗೆ ದುಂಡು ಜೋಡಿಸಿ ನೋಡಬಹುದು. ಹಿಡಿಯ ಬಣ್ಣ ನೆಚ್ಚಿಕೊಳ್ಳಬೇಡ. ಅಮೆರಿಕದಲ್ಲಿ ಹಸಿರು ಹಿಡಿ ಸಾಮಾನ್ಯವಾಗಿ ಡೀಸೆಲ್ಲಿನದು, ಮುಂದೆ ಅಲ್ಲಿಗೂ ಹೋಗುತ್ತೀಯಲ್ಲ.

ಒಂದೇ ಬಂಕಿನಲ್ಲಿ ಎರಡು ರೇಟು ಬರೆದಿರುತ್ತಾರೆ. 'ಸೆಲ್ಫ್' ಅಂದರೆ ನೀನೇ ಹಾಕಿಕೊಳ್ಳುವುದು. 'ಸೆರ್ವಿತೊ' ಅಂದರೆ ಅವರು ಹಾಕಿಕೊಡುವುದು, ಅದಕ್ಕೆ ಜಾಸ್ತಿ. ಮೊದಲ ಸಲ ಸೆರ್ವಿತೊಗೇ ಹೋಗು. ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ, ಅವರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿಕೋ. "ಇಲ್ ಪಿಯೆನೊ" ಅಂದರೆ ಟ್ಯಾಂಕ್ ಫುಲ್.

ಮೆಷಿನ್ ನೋಟು ನುಂಗಿದರೆ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಹತ್ತು, ಇಪ್ಪತ್ತರ ನೋಟು ಇಟ್ಟುಕೊಂಡಿರು. ಕಾರ್ಡಾದರೆ ಪಿನ್ ಕೇಳುತ್ತದೆ. ಮೊದಲು ನೂರು ಯೂರೋ ಆಸುಪಾಸು ತಡೆಹಿಡಿದು, ಆಮೇಲೆ ಹಾಕಿಕೊಂಡಷ್ಟಕ್ಕೆ ಮಾತ್ರ ತಗೊಳ್ಳುತ್ತದೆ. ಮೆಸೇಜ್ ನೋಡಿ ಗಾಬರಿಯಾಗಬೇಡ. ಕಾರ್ಡಿನಲ್ಲಿ ವಿದೇಶದ ಬಳಕೆ ಆನ್ ಆಗಿದೆಯಾ ಅಂತ ಇಲ್ಲಿಂದ ಹೊರಡುವ ಮುಂಚೆಯೇ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿಬಿಡು.

ಕಾರು ವಾಪಸ್ ಕೊಡುವಾಗಲೂ ನಮಗೆ ಪೆಟ್ಟು ಬಿತ್ತು. ಸಿಯೆನಾದಲ್ಲಿ ಫುಲ್ ಮಾಡಿಸಿ, 70 ಕಿಲೋಮೀಟರ್ ಓಡಿಸಿ ಫ್ಲಾರೆನ್ಸಿಗೆ ಬಂದೆವು. ಮುಳ್ಳು ಒಂದು ಚೂರು ಇಳಿದಿತ್ತು. ಆ ಚೂರಿಗೆ ಬಾಡಿಗೆ ಕಂಪನಿಯವರ ರೇಟಿನಲ್ಲಿ ಪೆಟ್ರೋಲು, ಅದರ ಮೇಲೆ ಸರ್ವಿಸ್ ಚಾರ್ಜು. ಅಪ್ಪ ವಿಮಾನದಲ್ಲಿ ಊಟ ಮಾಡಲಿಲ್ಲ. ನೀನು ಏರ್‌ಪೋರ್ಟಿನ ಹತ್ತಿರದ ಬಂಕಿನಲ್ಲೇ ಹಾಕಿಕೋ. ರಸೀದಿ ಇಟ್ಟುಕೋ. ಮುಳ್ಳಿನ ಫೋಟೋ ತೆಗಿ, ಕಾರು ತಗೊಳ್ಳುವಾಗ ಒಂದು, ಕೊಡುವಾಗ ಒಂದು.

ಟ್ಯಾಂಕ್ ಅರ್ಧಕ್ಕೆ ಬಂದಾಗಲೇ ಬಂಕ್ ಹುಡುಕು, ಶನಿವಾರವೇ ಹಾಕಿಕೊಂಡುಬಿಡು. ಕತ್ತಲಾದ ಮೇಲೆ ಖಾಲಿ ಬಂಕಿನಲ್ಲಿ ನೀವು ಮೂವರೇ ನಿಲ್ಲುವುದು ನನಗೆ ಬೇಡ.

ಕಾರು ವಾಪಸ್ ಕೊಟ್ಟ ತಕ್ಷಣ ಫೋನ್ ಮಾಡು. ಇಲ್ಲಿ ಎಷ್ಟೇ ರಾತ್ರಿಯಾಗಿರಲಿ, ಎದ್ದಿರುತ್ತೀನಿ.

ನಿನ್ನ
ಅಮ್ಮ