ಹಳೆ ಯಂತ್ರದ ರಿಪೇರಿ ಪುಸ್ತಕ ರೈತನ ಕೈಗೆ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆಯಾದ ಕೂಡಲೇ ಹಳೆಯ ಉಪಕರಣಗಳನ್ನೆಲ್ಲ ಶೆಡ್ಡಿಗೆ ತಂದು ಒಂದೊಂದಾಗಿ ಬಿಚ್ಚಿ ರಿಪೇರಿ ಮಾಡುವುದು ನನ್ನ ಇಪ್ಪತ್ತು ವರ್ಷದ ರೂಢಿ. ಈ ಸಲ ಮೊದಲ ಸರದಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟಾವೇಟರ್‌ನದು. ಹಂಗಾಮಿನ ಕೊನೆಗೆ ಅದರ ಪಕ್ಕದ ಬೇರಿಂಗ್ ಗರಗರ ಅನ್ನತೊಡಗಿತ್ತು. ಬಿಚ್ಚಿ ನೋಡಿದರೆ ಶಾಫ್ಟಿಗೆ ಸುತ್ತಿಕೊಂಡ ಹುಲ್ಲು, ಗ್ರೀಸ್ ಹೊರಬಾರದಂತೆ ಕೆಸರು ಒಳಹೋಗದಂತೆ ತಡೆಯುವ ಆಯಿಲ್ ಸೀಲಿನ ತುಟಿಯನ್ನು ಸವೆಸಿಬಿಟ್ಟಿದೆ; ಗ್ರೀಸ್ ಇರಬೇಕಾದಲ್ಲಿ ಕೆಸರು.

ಬಿಡಿಭಾಗ ಕೇಳಲು ಹೋದಾಗ ಸಿಕ್ಕ ಉತ್ತರ: ‘ಈ ಮಾಡೆಲ್ ನಿಂತುಹೋಗಿದೆ, ಹೊಸ ಯಂತ್ರವನ್ನೇ ತಗೊಂಡುಬಿಡಿ.’ ವಾಪಸ್ ಬಂದು ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದೆ. ಒರೆಸಿ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 6208 ಎಂದು ಕಂಡಿತು. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ, ಅಂದರೆ 40 ಮಿ.ಮೀ. ಹೊರವ್ಯಾಸ 80, ಅಗಲ 18. ಯಾವ ಕಂಪನಿ ತಯಾರಿಸಲಿ, 6208 ಅಂದರೆ ಇದೇ ಅಳತೆ. ಸೀಲಿನ ಮೇಲಿನ ಅಂಕಿ ಅಳಿಸಿಹೋಗಿತ್ತು, ವರ್ನಿಯರ್ ಹಿಡಿದು ಶಾಫ್ಟನ್ನೂ ಸೀಲು ಕೂರುವ ಗೂಡನ್ನೂ ಅಳೆದುಕೊಂಡೆ. ಆ ಅಳತೆಯ ಬೇರಿಂಗ್, ಸೀಲು ತಂದು ಹಾಕಿದೆ. ‘ನಿಂತುಹೋದ’ ಯಂತ್ರ ಈಗ ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತದೆ.

ಆದರೆ ಎಲ್ಲವೂ ಹೀಗೆ ಬಗೆಹರಿಯುವುದಿಲ್ಲ. ಎರಡು ಚಳಿಗಾಲದ ಹಿಂದೆ ಇದೇ ಯಂತ್ರದ ಗೇರ್‌ಬಾಕ್ಸ್ ಬಿಚ್ಚಿದ್ದೆ. ಅದರೊಳಗೆ ಕಾಗದದಷ್ಟು ತೆಳುವಾದ ಉಕ್ಕಿನ ಶಿಮ್‌ಗಳಿರುತ್ತವೆ. ಒಂದು ಗೇರಿನ ಹಲ್ಲು ಇನ್ನೊಂದರ ಹಲ್ಲಿಗೆ ಎಷ್ಟು ಸಡಿಲವಾಗಿ ಕೂರಬೇಕು ಎನ್ನುವುದು ಅವುಗಳ ದಪ್ಪದ ಮೇಲೆ ನಿಂತಿದೆ. ಬಿಗಿಯಾದರೆ ಬಿಸಿಯಾಗಿ ಕೂಗುತ್ತದೆ, ಸಡಿಲವಾದರೆ ಬಡಿಯುತ್ತದೆ. ತೊಳೆಯುವಾಗ ಎರಡು ಕಡೆಯ ಶಿಮ್‌ಗಳು ಬೆರೆತುಹೋದವು. ಅಂದಾಜಿನಲ್ಲಿ ಜೋಡಿಸಿದೆ. ಮೂರನೇ ದಿನ ಉಳುಮೆಯ ನಡುವೆ ಪಿನಿಯನ್ ಎನ್ನುವ ಸಣ್ಣ ಗೇರಿನ ಎರಡು ಹಲ್ಲು ಮುರಿದವು. ಆ ಸಡಿಲ ಎಷ್ಟಿರಬೇಕೆಂದು ಬರೆದಿದ್ದ ಪುಸ್ತಕ ಒಂದು ಕಾಲಕ್ಕೆ ಇತ್ತು. ನನಗೆ ಎಲ್ಲಿಯೂ ಸಿಗಲಿಲ್ಲ.

ಇದು ಖರ್ಚಿನ ಮಾತಷ್ಟೇ ಅಲ್ಲ. ಕಲ್ಲು ಸಿಕ್ಕಾಗ ತಾನು ತುಂಡಾಗಿ ಗೇರನ್ನು ಉಳಿಸಬೇಕಾದ ಶಿಯರ್ ಬೋಲ್ಟಿನ ಜಾಗಕ್ಕೆ, ಯಾವುದು ಹಾಕಬೇಕೆಂದು ತಿಳಿಯದೆ, ಕೈಗೆ ಸಿಕ್ಕ ಗಟ್ಟಿ ಬೋಲ್ಟ್ ಬಿಗಿದಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ದಾಟಿಸುವ ಪಿಟಿಒ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಒಂಬತ್ತು. ಅದರ ಪ್ಲಾಸ್ಟಿಕ್ ಕವಚ ಒಡೆದರೆ ಹಳೆ ಯಂತ್ರಕ್ಕೆ ಹೊಂದುವುದು ಸಿಗುವುದಿಲ್ಲ, ಜನ ಬರಿ ಶಾಫ್ಟಿನಲ್ಲೇ ಕೆಲಸ ಮಾಡುತ್ತಾರೆ. ಅಂಗಿಯ ತೋಳಿನ ತುದಿ ಸಿಕ್ಕಿದರೆ ಕೈ ಹಿಂದಕ್ಕೆಳೆಯಲು ಸಮಯವೇ ಇರುವುದಿಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನು ತಂದು, ಕೃಷಿ ಯಂತ್ರಗಳ ಕೈಪಿಡಿ, ಬಿಡಿಭಾಗ, ಸಾಫ್ಟ್‌ವೇರ್‌ಗಳನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಒದಗಿಸಬೇಕೆಂದು ತಯಾರಕರಿಗೆ ವಿಧಿಸಿತು. 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ನಾನು ಕೇಳುವುದು ಅದಕ್ಕಿಂತ ಸುಲಭದ್ದು. ಒಂದು ಮಾಡೆಲ್ ನಿಲ್ಲಿಸುವ ದಿನವೇ ಅದರ ಬಿಡಿಭಾಗಗಳ ಚಿತ್ರ, ಬೇರಿಂಗ್ ಮತ್ತು ಸೀಲುಗಳ ನಂಬರು, ಶಿಮ್ಮಿನ ಲೆಕ್ಕ, ಯಾವ ಬೋಲ್ಟ್ ಎಷ್ಟು ಬಿಗಿಯಬೇಕು ಎನ್ನುವುದನ್ನು ತಯಾರಕರು ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಮಾರಾಟ ಮುಗಿದ ಯಂತ್ರದ ವಿವರ ಬಚ್ಚಿಟ್ಟುಕೊಂಡು ಅವರಿಗೆ ಆಗಬೇಕಾದ್ದೇನು?

ನಿಮ್ಮ ಕೃಷಿ ಪುಟದಲ್ಲಿ ಬಿತ್ತನೆ, ಗೊಬ್ಬರ, ರೋಗಗಳ ಬಗ್ಗೆ ಬರುವುದನ್ನೆಲ್ಲ ಓದುತ್ತೇನೆ. ಚಳಿಗಾಲದ ಎರಡು ತಿಂಗಳು ರಿಪೇರಿಗೂ ವಾರಕ್ಕೊಂದು ಅಂಕಣ ಕೊಡಿ. ನಾನು ಬಿಚ್ಚಿದ ಪ್ರತಿ ಯಂತ್ರದ ನಂಬರು, ಅಳತೆಗಳನ್ನು ಗ್ರೀಸ್ ಮೆತ್ತಿದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹೇಳಿದರೆ ಶುದ್ಧ ಪ್ರತಿ ಮಾಡಿ ಕಳಿಸುತ್ತೇನೆ.

– ಒಬ್ಬ ರೈತ, ನಿಮ್ಮ ಓದುಗ