ಏಳು ತಿಂಗಳ ಮೌನದ ನಂತರ: ನಮ್ಮ ಕ್ಲಬ್ಬಿನ ಪದಾಧಿಕಾರಿಗಳಿಗೆ ಕೃತಜ್ಞತೆಗಳು

ಏಪ್ರಿಲ್ 27ರ ರಾತ್ರಿ ಎಂಟು ಗಂಟೆಗೆ ನಮ್ಮ ಹವ್ಯಾಸಿ ರೇಡಿಯೋ ಕ್ಲಬ್ಬಿನ ರಿಪೀಟರ್, ಅಂದರೆ ನಮ್ಮ ಸೆಟ್ಟುಗಳ ಮಾತನ್ನು ಹಿಡಿದು ಬೆಟ್ಟದ ಮೇಲಿನಿಂದ ದೂರದವರೆಗೆ ಮರುಪ್ರಸಾರ ಮಾಡುವ ಯಂತ್ರ, ಏಳು ತಿಂಗಳ ಬಳಿಕ ಮತ್ತೆ ಬಾಯಿಬಿಟ್ಟಿತು. ಅಂದಿನ ನೆಟ್‌ನಲ್ಲಿ (ರೇಡಿಯೋ ಮೂಲಕವೇ ಸೇರುವ ವಾರದ ಕೂಟದಲ್ಲಿ) ನಲವತ್ತಕ್ಕೂ ಹೆಚ್ಚು ಮಂದಿ ತಮ್ಮ ಗುರುತಿನ ಸಂಕೇತವಾದ ಕಾಲ್‌ಸೈನ್ ಹೇಳಿ ಹಾಜರಿ ಹಾಕಿದರು. ಈಗಿನ ಕಾರ್ಯಕಾರಿ ಸಮಿತಿಯ ಅವಧಿ ಮುಂದಿನ ತಿಂಗಳು ಮುಗಿಯಲಿರುವುದರಿಂದ, ಅವರು ಜವಾಬ್ದಾರಿ ಬಿಟ್ಟುಕೊಡುವ ಮೊದಲೇ ಈ ಕೃತಜ್ಞತೆಯನ್ನು ಎಲ್ಲರೆದುರು ಸಲ್ಲಿಸಬೇಕೆನಿಸಿತು. ತಮ್ಮ ಹೆಸರುಗಳನ್ನು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಹಾಗಾಗಿ ಹುದ್ದೆಗಳನ್ನಷ್ಟೇ ಹೇಳುತ್ತೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೆಪ್ಟೆಂಬರ್ ಕೊನೆಯ ವಾರದ ಸಿಡಿಲಿಗೆ ರಿಪೀಟರಿನ ಪವರ್ ಸಪ್ಲೈ ಮತ್ತು ಆಂಪ್ಲಿಫೈಯರ್ ಸುಟ್ಟುಹೋದವು. ಮೂರೇ ವಾರಗಳಲ್ಲಿ ಅವೆರಡನ್ನೂ ಬದಲಿಸಿದರೂ, ಮೊದಲು ಎಲ್ಲೆಲ್ಲಿಂದಲೋ ಸಿಗುತ್ತಿದ್ದ ರಿಪೀಟರ್ ಬೆಟ್ಟದ ಬುಡದಲ್ಲಿದ್ದವರಿಗಷ್ಟೇ ಸಿಗತೊಡಗಿತು. ನವೆಂಬರ್ ಹೊತ್ತಿಗೆ ತಾಳ್ಮೆ ಕಳೆದುಕೊಂಡ ನಾನು, ಸಮಿತಿಗೆ ಕೆಲಸ ಮಾಡುವ ಮನಸ್ಸಿಲ್ಲವೆಂದು ಆರೋಪಿಸಿ ಒರಟಾದ ಪತ್ರವೊಂದನ್ನು ಬರೆದೆ. ಕಾರ್ಯದರ್ಶಿಯವರು ಎರಡೇ ಸಾಲಿನಲ್ಲಿ ಉತ್ತರಿಸಿದರು: ನಿಮ್ಮ ಬೇಸರ ನ್ಯಾಯವಾದದ್ದು, ಬರುವ ಭಾನುವಾರ ಬೆಟ್ಟ ಹತ್ತುತ್ತಿದ್ದೇವೆ, ಅಳತೆಗಳನ್ನು ಬರೆದುಕೊಳ್ಳಲು ಒಬ್ಬರು ಬೇಕಾಗಿದ್ದಾರೆ, ಬರುವಿರಾ? ನಾನು ಹೋದೆ. ಅಂದಿನಿಂದ ಏಪ್ರಿಲ್‌ವರೆಗೆ ಹದಿನಾಲ್ಕು ಬಾರಿ ಹೋದೆ. ಆ ಪತ್ರದ ಬಗ್ಗೆ ಅವರಲ್ಲಿ ಯಾರೊಬ್ಬರೂ ಇಂದಿನವರೆಗೆ ನನ್ನೆದುರು ಒಂದು ಮಾತನ್ನೂ ಎತ್ತಿಲ್ಲ.

ಅಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೆಟ್‌ನಲ್ಲಿ ಮಾತನಾಡುವ ನಮ್ಮಲ್ಲಿ ಅನೇಕರು ರಿಪೀಟರ್ ಇರುವ ಆ ಗೂಡಿನಂಥ ಕೋಣೆಯ ಒಳಗನ್ನು ನೋಡಿಯೇ ಇಲ್ಲ. ಆಂಟೆನಾಗೆ ಹೋಗುವ ಕೇಬಲ್ಲಿನ ಬುಡದಲ್ಲಿ, ಕಳಿಸಿದ ಶಕ್ತಿ ಎಷ್ಟು ಹಿಂತಿರುಗುತ್ತಿದೆ ಎಂಬುದನ್ನು ತೋರಿಸುವ (1 ಎಂದರೆ ಏನೂ ಹಿಂತಿರುಗುತ್ತಿಲ್ಲ) ಎಸ್‌ಡಬ್ಲ್ಯುಆರ್ ಮೀಟರ್ 1.4ರ ಆಸುಪಾಸಿನಲ್ಲಿಯೇ ನಿಲ್ಲುತ್ತಿತ್ತು. ಆ ಅಂಕಿಯನ್ನು ನೋಡಿದ ಯಾರೇ ಆದರೂ ಆಂಟೆನಾ ಸರಿಯಾಗಿದೆ ಎಂದು ಕೆಳಗಿಳಿದು ಬರುತ್ತಿದ್ದರು. ನಮ್ಮ ತಾಂತ್ರಿಕ ಮುಖ್ಯಸ್ಥರು ಮಾತ್ರ ಅದನ್ನು ನಂಬಲಿಲ್ಲ. ಗೋಪುರ ಹತ್ತುವ ಪರಿಣತಿಯುಳ್ಳ ಸದಸ್ಯರೊಬ್ಬರನ್ನು ಕರೆತಂದು, ಆಂಟೆನಾದ ಬದಲಿಗೆ ವ್ಯಾಟ್‌ಮೀಟರನ್ನೂ 50 ಓಮ್‌ನ ಡಮ್ಮಿ ಲೋಡನ್ನೂ (ಬಂದ ಶಕ್ತಿಯನ್ನು ಹೀರಿಕೊಳ್ಳುವ ಸಾಧನ) ಜೋಡಿಸಿ ಅಳೆಸಿದರು. ಕೆಳಗಿನಿಂದ 40 ವ್ಯಾಟ್ ಕಳಿಸಿದರೆ ಮೇಲೆ ತಲುಪುತ್ತಿದ್ದದ್ದು 8 ವ್ಯಾಟ್ ಮಾತ್ರ. ಹೊರ ಹೊದಿಕೆಯ ಸಣ್ಣ ಬಿರುಕಿನಿಂದ ಕೇಬಲ್ಲಿನೊಳಗೆ ನೀರು ಇಳಿದು, ಹೆಣಿಗೆಯ ತಾಮ್ರವನ್ನೆಲ್ಲ ಹಸಿರುಗಟ್ಟಿಸಿತ್ತು. ಆಂಟೆನಾದಿಂದ ಹಿಂತಿರುಗುವ ತರಂಗವೂ ಅದೇ ಕೇಬಲ್ಲಿನಲ್ಲಿ ಸೋರಿ ಸೊರಗುತ್ತಿದ್ದುದರಿಂದ ಮೀಟರಿಗೆ ಎಲ್ಲವೂ ಸುಸೂತ್ರವಾಗಿ ಕಾಣುತ್ತಿತ್ತು. ಅಷ್ಟು ಸೋರುವ ಕೇಬಲ್ಲಿನಲ್ಲಿ ಆಂಟೆನಾ ಕಳಚಿ ಬಿದ್ದಿದ್ದರೂ ಮೀಟರ್ ಸುಮಾರು 1.5ನ್ನೇ ತೋರಿಸುತ್ತಿತ್ತು ಎಂದು ಅವರು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಆ ಚೀಟಿಯನ್ನು ನಾನು ಇಟ್ಟುಕೊಂಡಿದ್ದೇನೆ.

ಕೇಬಲ್ ಬದಲಾದ ಮೇಲೂ ಕೆಲಸ ಮುಗಿಯಲಿಲ್ಲ. ರಿಪೀಟರ್ ಎಂದರೆ ಗಂಟಲು ಹರಿಯುವಂತೆ ಕೂಗುತ್ತಲೇ ಪಿಸುಮಾತನ್ನೂ ಕೇಳಿಸಿಕೊಳ್ಳಬೇಕಾದ ಯಂತ್ರ. ಎರಡು ಮೀಟರ್ ಬ್ಯಾಂಡಿನ ನಮ್ಮ ರಿಪೀಟರಿನಲ್ಲಿ ಕೂಗುವ ಮತ್ತು ಕೇಳುವ ಆವರ್ತನಗಳ ನಡುವೆ ಇರುವ ಅಂತರ ಕೇವಲ 600 ಕಿಲೋಹರ್ಟ್ಸ್, ಆಂಟೆನಾ ಮಾತ್ರ ಒಂದೇ. ಅವೆರಡನ್ನೂ ಬೇರ್ಪಡಿಸುವ ಡ್ಯುಪ್ಲೆಕ್ಸರಿನ ಕೊಳವೆಗಳನ್ನು ಒಂದೊಂದಾಗಿ, ಎಳ್ಳಷ್ಟೆಳ್ಳಷ್ಟೇ ತಿರುಗಿಸಿ ಟ್ಯೂನ್ ಮಾಡಬೇಕು. 1925ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟ ಸ್ಥಾಪನೆಯಾದ ನೆನಪಿಗೆ ಏಪ್ರಿಲ್ 18ನ್ನು ವಿಶ್ವ ಹವ್ಯಾಸಿ ರೇಡಿಯೋ ದಿನವೆಂದು ಆಚರಿಸುತ್ತಾರಷ್ಟೆ. ಅಂದೇ ರಿಪೀಟರ್ ಚಾಲೂ ಆಗಲಿ ಎಂಬ ಆಸೆ ಅಧ್ಯಕ್ಷರೂ ಸೇರಿದಂತೆ ನಮಗೆಲ್ಲ ಇತ್ತು. ರಿಸೀವರ್ ಇನ್ನೂ ಮಂದವಾಗಿದೆ, ಈಗ ಹಚ್ಚಿದರೆ ಕೈಸೆಟ್ಟಿನವರು ಕರೆದು ಕರೆದು ಸೋಲುತ್ತಾರೆ ಎಂದು ತಾಂತ್ರಿಕ ಮುಖ್ಯಸ್ಥರು ಒಪ್ಪಲಿಲ್ಲ. ಅಧ್ಯಕ್ಷರು ಎರಡನೆಯ ಮಾತಿಲ್ಲದೆ ದಿನ ಮುಂದೂಡಿದರು. ಸಮಾರಂಭಕ್ಕಿಂತ ಐದು ವ್ಯಾಟಿನ ಕೈಸೆಟ್ ಹಿಡಿದ ಹೊಸಬರ ಅನುಕೂಲವೇ ಮುಖ್ಯವೆಂದು ಬಗೆದ ಆ ಒಂಬತ್ತು ದಿನಗಳ ವಿಳಂಬಕ್ಕಾಗಿ ನಾನು ಅವರಿಬ್ಬರಿಗೂ ವಿಶೇಷವಾಗಿ ಋಣಿ.

ಈ ಏಳು ತಿಂಗಳಲ್ಲಿ ವಾರದ ನೆಟ್ ಒಮ್ಮೆಯೂ ತಪ್ಪಲಿಲ್ಲ ಎಂಬುದನ್ನು ಬಹಳ ಜನ ಗಮನಿಸಿಲ್ಲ. ನೆಟ್ ಕಂಟ್ರೋಲ್, ಅಂದರೆ ನೆಟ್ ನಡೆಸುವ ಹೊಣೆ, ಹೊತ್ತ ಮೂವರು ಮೊದಲು 7 ಮೆಗಾಹರ್ಟ್ಸ್‌ನಲ್ಲಿ ಪ್ರಯತ್ನಿಸಿದರು. ಕತ್ತಲಾಗುತ್ತಿದ್ದಂತೆ ಅಲ್ಲಿ ದೂರದ ಸ್ಟೇಷನ್ನುಗಳು ಗಟ್ಟಿಯಾಗಿ ಕೇಳಿಸತೊಡಗಿ, ಪಕ್ಕದ ಬಡಾವಣೆಯವರೇ ಮಾಯವಾಗುತ್ತಿದ್ದರು. 3.5 ಮೆಗಾಹರ್ಟ್ಸ್‌ಗೆ ಇಳಿದರೆ ಹತ್ತಿರದವರು ಸಿಗುತ್ತಿದ್ದರು, ನಿಜ. ಆದರೆ ಆ ಬ್ಯಾಂಡಿನ ಡೈಪೋಲ್ ಎಂಬ ತಂತಿಯ ಆಂಟೆನಾಗೆ ಬೇಕಾದ ಸುಮಾರು 40 ಮೀಟರ್ ತಂತಿಯನ್ನು ಕಟ್ಟಲು ಎಷ್ಟು ಜನರ ಮನೆಯಲ್ಲಿ ಜಾಗವಿದೆ? ಕೊನೆಗೆ ಎತ್ತರದ ಆಂಟೆನಾ ಇರುವ ನಾಲ್ವರನ್ನು ಆಯ್ದು, ಒಬ್ಬೊಬ್ಬರು ತಮ್ಮ ಸುತ್ತಲಿನ ಹಾಜರಿಯನ್ನು ರಿಪೀಟರಿನ ನೆರವಿಲ್ಲದೆ ನೇರವಾಗಿ, ಅಂದರೆ ಸಿಂಪ್ಲೆಕ್ಸ್‌ನಲ್ಲಿ ಕೇಳಿ ಮುಂದಿನವರಿಗೆ ದಾಟಿಸುವ ಸರಪಳಿಯನ್ನು ಅವರು ಕಟ್ಟಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ನೆಟ್ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಕರೆದವರು ಯಾರೆಂದು ಅರ್ಧವಷ್ಟೇ ಕೇಳಿದಾಗ, ಆ ಅರ್ಧ ಕಾಲ್‌ಸೈನನ್ನೇ ಹೇಳಿ, ಇನ್ನೊಮ್ಮೆ ಬನ್ನಿ, ನಿಮಗಾಗಿ ಕಾಯುತ್ತಿದ್ದೇವೆ ಎನ್ನುತ್ತಿದ್ದರು. ಜನವರಿಯಲ್ಲಿ ಮನೆಯವರ ಕಾಯಿಲೆಯಿಂದಾಗಿ ನಾನು ಮೂರು ವಾರ ಆಸ್ಪತ್ರೆಯಲ್ಲೇ ಉಳಿಯಬೇಕಾಗಿ ಬಂದಾಗ, ಹಾಜರಿ ಪಟ್ಟಿಯಲ್ಲಿ ನನ್ನ ಕಾಲ್‌ಸೈನ್ ಇಲ್ಲದ್ದನ್ನು ಕಂಡು ಮೊದಲು ಫೋನ್ ಮಾಡಿದವರೂ ಅವರಲ್ಲೊಬ್ಬರೇ.

ಖಜಾಂಚಿಯವರ ಬಗ್ಗೆ ಹೇಳಲು ಹೆಚ್ಚಿಲ್ಲ, ಅದೇ ಅವರ ಹೆಚ್ಚುಗಾರಿಕೆ. ಸದಸ್ಯರು ಕೊಟ್ಟ ಹಣಕ್ಕೆ, ಒಂದೊಂದು ಕನೆಕ್ಟರಿನವರೆಗೆ, ರಸೀದಿ ಸಮೇತ ಲೆಕ್ಕವಿದೆ. ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಹವ್ಯಾಸಿ ರೇಡಿಯೋ ಸೇವೆಯನ್ನು ಹಣದ ಲಾಭಕ್ಕಲ್ಲದೆ ಸ್ವಂತ ಆಸಕ್ತಿಗಾಗಿ ಮಾಡುವುದೆಂದು ವ್ಯಾಖ್ಯಾನಿಸಿದ್ದಾರೆ. ಬೆಟ್ಟಕ್ಕೆ ಹೋಗಿಬರುವ ಪೆಟ್ರೋಲಿನ ಖರ್ಚನ್ನೂ ಸಮಿತಿಯವರು ಕ್ಲಬ್ಬಿನ ಲೆಕ್ಕಕ್ಕೆ ಬರೆಯದಿರುವುದು ಮಾತ್ರ ಆ ವ್ಯಾಖ್ಯಾನವನ್ನು ತೀರಾ ಕಟ್ಟುನಿಟ್ಟಾಗಿ ಓದಿದಂತಾಯಿತು. ಮುಂದಿನ ಸಮಿತಿ ಇದನ್ನು ಬದಲಿಸಬೇಕೆಂಬುದು ನನ್ನ ಅಭಿಪ್ರಾಯ.

ಇವೆಲ್ಲದರ ನಡುವೆಯೂ ಹವ್ಯಾಸಿ ಪರವಾನಗಿ ಪರೀಕ್ಷೆಯ ತರಗತಿಗಳು ನಿಲ್ಲಲಿಲ್ಲ. ಹೈ ಫ್ರೀಕ್ವೆನ್ಸಿ ಬ್ಯಾಂಡುಗಳಿಗೆ ಮೋರ್ಸ್ ಸಂಕೇತ ಕಡ್ಡಾಯವಾಗಿರಬೇಕೆಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲಿ ಸಡಿಲವಾದರೂ, ನಮ್ಮ ತರಬೇತುದಾರರು ಪ್ರತಿ ತರಗತಿಯ ಕೊನೆಯ ಹದಿನೈದು ನಿಮಿಷವನ್ನು ಅದಕ್ಕೇ ಮೀಸಲಿಟ್ಟರು. ಮೊದಮೊದಲು ಗೊಣಗಿದವರಲ್ಲಿ ನಾನೂ ಒಬ್ಬ. ಈಗ ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕೇಳದಿದ್ದರೆ ಏನೋ ಕಳೆದುಕೊಂಡಂತೆ ಅನಿಸುತ್ತದೆ.

ಅಧ್ಯಕ್ಷರಿಗೆ, ಕಾರ್ಯದರ್ಶಿಯವರಿಗೆ, ಖಜಾಂಚಿಯವರಿಗೆ, ತಾಂತ್ರಿಕ ಮುಖ್ಯಸ್ಥರಿಗೆ, ಗೋಪುರ ಹತ್ತಿದ ಗೆಳೆಯರಿಗೆ, ತರಬೇತುದಾರರಿಗೆ, ನೆಟ್ ಕಂಟ್ರೋಲಿನ ಮೂವರಿಗೆ ಮತ್ತು ಭಾನುವಾರಗಳನ್ನು ಬಿಟ್ಟುಕೊಟ್ಟ ಅವರೆಲ್ಲರ ಮನೆಯವರಿಗೆ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಜೂನ್ ತಿಂಗಳಿನಿಂದ ಪ್ರತಿ ಎರಡನೆಯ ವಾರದ ನೆಟ್ಟನ್ನು ನಾನು ನಡೆಸುವುದಾಗಿ ಕಾರ್ಯದರ್ಶಿಯವರಿಗೆ ತಿಳಿಸಿದ್ದೇನೆ. ಈ ಬಾರಿಯೂ ಅವರ ಉತ್ತರ ಎರಡೇ ಸಾಲು: ಸಂತೋಷ, ಹಾಜರಿ ಪುಸ್ತಕ ಕಳಿಸಿಕೊಡುತ್ತೇನೆ, ಅರ್ಧ ಕೇಳಿದ ಕಾಲ್‌ಸೈನುಗಳನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ.

ಎಲ್ಲರಿಗೂ 73, ಅಂದರೆ ನಮ್ಮ ಹವ್ಯಾಸಿಗಳ ಸಂಕೇತದಲ್ಲಿ ಶುಭಾಶಯಗಳು.